ಮಗು ದುಡಿದ ರೊಕ್ಕ

ಕಲಬುರಗಿ
17 ಮೇ 2024, ಶುಕ್ರವಾರ

ಈ ವಾರ ರಾತ್ರಿ ಊಟ ಮುಗಿಸಿ ಮಾಳಿಗೆ ಮೇಲೆ ಕೂತು ಹಾಲಿವುಡ್‌ನ ಬಾಲನಟಿ ಶರ್ಲಿ ಟೆಂಪಲ್ ಬಗ್ಗೆ ಓದುತ್ತಿದ್ದೇನೆ. ಈ ಧಗೆಯಲ್ಲಿ ಒಳಗೆ ಕೂರಲು ಆಗುವುದಿಲ್ಲ.

1928ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಹುಡುಗಿ, ಮೂರು ವರ್ಷಕ್ಕೇ ಸಿನಿಮಾಕ್ಕೆ ಬಂದಳು. 1935ರಿಂದ 1938ರವರೆಗೆ ಹಾಲಿವುಡ್‌ನಲ್ಲಿ ಅತಿ ಹೆಚ್ಚು ಟಿಕೆಟ್ ಮಾರಿಸಿದ ತಾರೆ ಅವಳೇ. ದೊಡ್ಡ ದೊಡ್ಡ ನಟರೆಲ್ಲ ಅವಳ ಹಿಂದೆ. ಕೆಲಸವಿಲ್ಲದೆ ಇಡೀ ದೇಶವೇ ಕಂಗಾಲಾಗಿದ್ದ ಕಾಲ ಅದು. ಜನ ಕೈಯಲ್ಲಿದ್ದ ಚಿಲ್ಲರೆ ಕೊಟ್ಟು ಅವಳ ನಗು ನೋಡಿ ಬರುತ್ತಿದ್ದರು.

ಅಮ್ಮ ಗರ್ಟ್ರೂಡ್ ದಿನಾ ರಾತ್ರಿ ಮಗಳ ಕೂದಲು ಸುತ್ತಿ ಪಿನ್ ಹಾಕುತ್ತಿದ್ದರಂತೆ. ಎಣಿಸಿ 56 ಗುಂಗುರು. ಕ್ಯಾಮೆರಾ ಓಡುವ ಮುಂಚೆ 'ಮಿಂಚು, ಶರ್ಲಿ' ಎನ್ನುತ್ತಿದ್ದರು. ಸ್ಟುಡಿಯೋದವರು ಅವಳ ವಯಸ್ಸಿನಲ್ಲೂ ಒಂದು ವರ್ಷ ಕತ್ತರಿಸಿದ್ದರು. 12 ತುಂಬಿತು ಅಂದುಕೊಂಡಿದ್ದವಳಿಗೆ ನಿಜವಾಗಿ 13 ಆಗಿತ್ತು!

ನನಗೆ ತಡೆಯಲಾಗದ್ದು ದುಡ್ಡಿನ ವಿಷಯ. ನಾನು ಬ್ಯಾಂಕಿನವಳು. ಶರ್ಲಿಯ ಅಪ್ಪ ಜಾರ್ಜ್ ಕೂಡ ಬ್ಯಾಂಕಿನವರೇ. ಮಗಳು ದುಡಿದದ್ದು ಸುಮಾರು 32 ಲಕ್ಷ ಡಾಲರ್. ದೊಡ್ಡವಳಾಗಿ ಲೆಕ್ಕ ನೋಡಿದಾಗ ಉಳಿದಿದ್ದು 44 ಸಾವಿರ. ಸಂಸಾರದ ಖರ್ಚು, ಆಳುಕಾಳು, ಕೈಕೊಟ್ಟ ವ್ಯವಹಾರ, ಎಲ್ಲಕ್ಕೂ ಅದೇ ಗಂಟು. ಮಗಳ ಹೆಸರಲ್ಲಿ ಇಡಿ ಎಂದು ಕೋರ್ಟು ಹೇಳಿದ್ದ ಹಣವನ್ನೂ ಅಪ್ಪ ಕಟ್ಟಿರಲಿಲ್ಲ.

ಆಕೆ ಸಿಟ್ಟಾಗಲಿಲ್ಲ. ಹಾಗಂತ ಆತ್ಮಕಥೆಯಲ್ಲೇ ಬರೆದಿದ್ದಾರೆ. 1950ರಲ್ಲಿ, 22ನೇ ವಯಸ್ಸಿಗೆ ಸಿನಿಮಾ ಬಿಟ್ಟರು. 1972ರಲ್ಲಿ ಸ್ತನ ಕ್ಯಾನ್ಸರ್ ಆದಾಗ ಆಸ್ಪತ್ರೆ ಹಾಸಿಗೆಯಿಂದಲೇ ಪತ್ರಕರ್ತರ ಜೊತೆ ಮಾತಾಡಿದರು. ಹೆದರಿಕೊಂಡು ಮನೇಲಿ ಕೂರಬೇಡಿ ಎಂದು ಹೆಂಗಸರಿಗೆ ಹೇಳಿದರು. ಆ ರೋಗದ ಹೆಸರೆತ್ತಲೂ ಜನ ಹಿಂಜರಿಯುತ್ತಿದ್ದ ದಿನಗಳವು. 1974ರಲ್ಲಿ ಘಾನಾಕ್ಕೆ, 1989ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ಅಮೆರಿಕದ ರಾಯಭಾರಿಯಾದರು. ಅಪ್ಪನನ್ನು ದೂರುತ್ತಾ ಕೂತಿದ್ದರೆ ಇದೆಲ್ಲ ಆಗುತ್ತಿತ್ತಾ? ಆದರೂ ನಾನಂತೂ ಆ ಅಪ್ಪನನ್ನು ಕ್ಷಮಿಸಲಾರೆ. ಮಗು ನಿದ್ದೆ, ಆಟ ಬಿಟ್ಟು ದುಡಿದದ್ದು ಮಗುವಿನದೇ, ಅಲ್ವಾ?

ಇವತ್ತು ಬ್ರಾಂಚಿಗೆ ಆಳಂದದಿಂದ ಒಬ್ಬ ತಾಯಿ ಬಂದಿದ್ದರು. ಏಳು ವರ್ಷದ ಮಗಳು ಯಾವುದೋ ಸೀರಿಯಲ್‌ನಲ್ಲಿ ಸಣ್ಣ ಪಾತ್ರ ಮಾಡಿದ್ದಾಳೆ.

"ಮೇಡಮ್ರೀ, ಇಕಿ ಹೆಸರ್ಲೆ ಎಷ್ಟ್ ಇಡಬೇಕ್ರಿ?"

ನಾನು ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮವನ್ನು ಅವರಿಗೆ ಹೇಳಿದೆ. ನಟಿಸುವ ಮಗುವಿನ ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲೇ ಎಫ್‌ಡಿ ಆಗಬೇಕು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ. ಸತತ 27 ದಿನ ದಾಟುವಂತಿಲ್ಲ.

"ಇಪ್ಪತ್ತು ಯಾಕ್ರಿ? ಪೂರಾ ರೊಕ್ಕ ಇಕಿದೇ ಅದ. ಪೂರಾನೇ ಇಡ್ರಿ," ಎಂದರು.

ನನಗೆ ಎದ್ದು ಅವರ ಕೈ ಹಿಡಿಯಬೇಕು ಅನ್ನಿಸಿತು. ಹುಡುಗಿ ದಾರಕ್ಕೆ ಕಟ್ಟಿದ ಪೆನ್ನು ಎಳೆದೆಳೆದು ಚಲನ್ ಹಿಂದೆ ತನ್ನ ಹೆಸರು ಬರೆಯುತ್ತಿದ್ದಳು. ನಮ್ಮ ಬ್ಯಾಂಕಿನಲ್ಲಿ ಹತ್ತು ವರ್ಷಕ್ಕಿಂತ ಜಾಸ್ತಿ ಎಫ್‌ಡಿ ಇಡಲು ಬರುವುದಿಲ್ಲ. ಅದು ಮುಗಿದಾಗ 18 ತುಂಬುವವರೆಗೆ ರಿನ್ಯೂ ಮಾಡಿಸಿ, ಏನೇ ಕಷ್ಟ ಬಂದರೂ ಮುರಿಸಬೇಡಿ ಎಂದು ಆ ತಾಯಿಗೆ ಎರಡೆರಡು ಸಲ ಹೇಳಿ ಕಳಿಸಿದೆ.