ತೆರಿಗೆ ರಸೀದಿಯಲ್ಲಿ ಒಂದು ಸಾಲು

ಆಸ್ತಿ ತೆರಿಗೆ ರಸೀದಿ ಕೈಗೆ ಬಂದಾಗ ಒಟ್ಟು ಮೊತ್ತ ನೋಡಿ ಮಡಚಿಡಬೇಡಿ. ಸೆಸ್ ಅಂತ ಒಂದು ಭಾಗ ಇರುತ್ತೆ, ಅಂದರೆ ತೆರಿಗೆಯ ಮೇಲೆ ಹಾಕೋ ಹೆಚ್ಚುವರಿ ಕರ. ಅದರೊಳಗೆ ತೆರಿಗೆಯ ಶೇ. 6 ಗ್ರಂಥಾಲಯದ್ದು. ₹5,000 ತೆರಿಗೆ ಕಟ್ಟಿದರೆ ₹300 ನಿಮ್ಮೂರಿನ ಲೈಬ್ರರಿಯ ಪಾಲು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಹಕ್ಕಿದು, ಯಾರ ದಾನವೂ ಅಲ್ಲ.

ಸಿಕ್ಕು ಇರೋದು ಮುಂದೆ. ವಸೂಲಿ ಮಾಡೋದು ಪಾಲಿಕೆ, ಪುರಸಭೆ. ಖರ್ಚು ಮಾಡಬೇಕಾದ್ದು ಗ್ರಂಥಾಲಯ ಇಲಾಖೆ. ನಡುವೆ ಹಣ ಕೂತುಬಿಟ್ಟರೆ ಹೊಸ ಪುಸ್ತಕ, ಪತ್ರಿಕೆ ಬಿಲ್ಲು, ಕರೆಂಟು, ಬಾಡಿಗೆ ಎಲ್ಲಾ ಬಾಕಿ. ಮೊದಲು ಕತ್ತರಿ ಬೀಳೋದು ಪುಸ್ತಕಕ್ಕೇ, ಯಾಕೆಂದರೆ ಅದನ್ನು ಮುಂದೂಡಿದರೆ ಯಾರೂ ಬೀಗ ಜಡಿಯಲ್ಲ. ಇಲಾಖೆ ಒಟ್ಟಿಗೆ ಮಾಡೋ ಪುಸ್ತಕಗಳ ಸಗಟು ಖರೀದಿ ತಡವಾದರೆ ಸಣ್ಣ ಪ್ರಕಾಶಕರ ದುಡ್ಡೂ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಇನ್ನೊಂದು ಪೆಟ್ಟು ಕಣ್ಣಿಗೆ ಬೀಳಲ್ಲ. ಗ್ರಂಥಾಲಯಗಳಿಗೆ ನೆರವು ಕೊಡೋ ಕೇಂದ್ರ ಸರ್ಕಾರದ ಸಂಸ್ಥೆ, ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಸರಿಸಮ ಅನುದಾನ ಬರಬೇಕಾದರೆ ರಾಜ್ಯ ತನ್ನ ಪಾಲು ಇಡಬೇಕು. ಇಲ್ಲಿನ ರೂಪಾಯಿ ತಪ್ಪಿದರೆ ಅಲ್ಲಿನದೂ ತಪ್ಪುತ್ತೆ.

ವಿಚಿತ್ರ ಅಂದರೆ, ಕಟ್ಟಡ ಸೋರಿದರೆ ದೂರು ಕೊಡ್ತೀವಿ, ಪುಸ್ತಕ ಬರದಿದ್ದರೆ ಸುಮ್ಮನಿರ್ತೀವಿ.

ಮಾಹಿತಿ ಹಕ್ಕಿನಲ್ಲಿ ಕೇಳೋರು 'ಅನುದಾನ ಎಷ್ಟು' ಅಂತ ಕೇಳಬೇಡಿ, ಉತ್ತರ ಜಾರಿಹೋಗುತ್ತೆ. ವರ್ಷವಾರು ಮೂರು ಅಂಕಿ ಕೇಳಿ: ವಸೂಲಾದ ಗ್ರಂಥಾಲಯ ಕರ, ಇಲಾಖೆಗೆ ಜಮೆಯಾದದ್ದು, ಉಳಿದ ಬಾಕಿ. ಅರ್ಜಿ ಪಾಲಿಕೆಗೂ ಇಲಾಖೆಗೂ ಬೇರೆ ಬೇರೆ ಹಾಕಿ. ಎರಡೂ ಕಡೆಯ ಲೆಕ್ಕ ತಾಳೆಯಾಗುತ್ತಾ ನೋಡಿ.