ನೆಗ್ಗಿದ ಬಾಗಿಲು, ಫೋನಿನ ಕ್ಯಾಮೆರಾ

ಗೆಳೆಯನ ಕಾರಿಗೆ ಇವತ್ತು ಯಾರೋ ತಾಗಿಸಿ ಹೋಗಿದ್ದರು. ಹಿಂದಿನ ಬಾಗಿಲು ನೆಗ್ಗಿತ್ತು.

ವಿಮೆಯ ಆ್ಯಪ್ ತೆರೆದ. ‘ಇನ್ನೂ ಹತ್ತಿರ ಬನ್ನಿ’, ‘ಬೆಳಕು ಸಾಲದು’, ‘ನಂಬರ್ ಪ್ಲೇಟ್ ಕಾಣಲಿ’. ಪರದೆ ಮೇಲೆ ಒಂದೊಂದೇ ಸೂಚನೆ. ನಾನು ಟಾರ್ಚ್ ಹಿಡಿದು ನಿಂತಿದ್ದೆ. ಆ್ಯಪ್‌ನ ಎಐ (ಕೃತಕ ಬುದ್ಧಿಮತ್ತೆ) ನೆಗ್ಗಿದ ಜಾಗದ ಸುತ್ತ ತಾನಾಗಿಯೇ ಒಂದು ಚೌಕ ಎಳೆಯಿತು. ಬಣ್ಣ ಕಿತ್ತ ಗೀರಿಗೆ ಇನ್ನೊಂದು. ನಾವು ಮಾತಾಡ್ತಿರುವಾಗಲೇ ರಿಪೇರಿ ಖರ್ಚಿನ ಅಂದಾಜು ಬಂತು!

ನಷ್ಟ ನೋಡೋಕೆ ಬರೋ ಸರ್ವೇಯರ್‌ಗಾಗಿ ಕಾಯೋದಿಲ್ಲ, ಫಾರ್ಮ್ ಇಲ್ಲ, ಜೆರಾಕ್ಸ್ ಇಲ್ಲ. ನಿಜಕ್ಕೂ ಖುಷಿಯಾಯ್ತು.

ಕೆರಿಬಿಯನ್ ದೇಶಗಳು 2007ರಲ್ಲಿ ಕಟ್ಟಿಕೊಂಡ ವಿಮಾ ನಿಧಿಯಲ್ಲಂತೂ ಬಿದ್ದ ಮನೆಗಳನ್ನು ಒಂದೊಂದಾಗಿ ಎಣಿಸೋವರೆಗೂ ಕಾಯಲ್ಲ. ಚಂಡಮಾರುತ, ಭೂಕಂಪದ ದತ್ತಾಂಶ ಹಾಕಿ ಕಂಪ್ಯೂಟರ್ ನಷ್ಟ ಲೆಕ್ಕ ಹಾಕುತ್ತೆ. ಅದು ಒಪ್ಪಂದದ ಮಿತಿ ದಾಟಿದ್ರೆ 14 ದಿನದೊಳಗೆ ಹಣ ಸರ್ಕಾರದ ಕೈಗೆ. ಎಲ್ಲ ಕಳಕೊಂಡ ಊರಿಗೆ ಆ ಬೇಗ ಅನ್ನೋದೇ ದೊಡ್ಡ ಆಸರೆ.

ಪ್ರೀಮಿಯಂ ವಿಷಯಕ್ಕೆ ಬಂದರೆ ಮಾತ್ರ ನನಗೆ ಕಸಿವಿಸಿ. ಬ್ರೇಕ್ ಎಷ್ಟು ಜೋರಾಗಿ ಒತ್ತಿದ್ರಿ, ಯಾವ ಹೊತ್ತಲ್ಲಿ ಓಡಿಸಿದ್ರಿ, ಎಲ್ಲವನ್ನೂ ಫೋನ್ ಅಳೆದು ಅಂಕ ಹಾಕುತ್ತೆ, ಆ ಅಂಕ ನೋಡಿ ಪ್ರೀಮಿಯಂ. ರಾತ್ರಿ ಓಡಿಸಿದ್ರೆ ಅಂಕ ಕಮ್ಮಿ ಮಾಡೋ ಕಂಪನಿಗಳಿವೆ. ರಾತ್ರಿ ಪಾಳಿಯ ನರ್ಸ್ ಏನು ಮಾಡಬೇಕು ಹೇಳಿ? ಅವರು ಮನೆಗೆ ಹೊರಡೋದೇ ಅಪರಾತ್ರಿಯಲ್ಲಿ.

ಯುರೋಪಿನ 2024ರ ಎಐ ಕಾಯ್ದೆ, ಜೀವವಿಮೆ ಮತ್ತು ಆರೋಗ್ಯವಿಮೆಯಲ್ಲಿ ಜನರ ರಿಸ್ಕ್ ಅಳೆದು ಬೆಲೆ ಕಟ್ಟೋ ವ್ಯವಸ್ಥೆಗಳನ್ನು ಹೆಚ್ಚು ಅಪಾಯದ, ಅಂದ್ರೆ ಕಠಿಣ ನಿಯಮಗಳ, ಪಟ್ಟಿಗೆ ಸೇರಿಸಿದೆ. ಒಳ್ಳೇ ಕೆಲಸ. ವಾಹನ ವಿಮೆ ಆ ಪಟ್ಟಿಯಲ್ಲಿಲ್ಲ. ಅದೂ ಸೇರಬೇಕು ಅಂತ ನನ್ನ ಆಸೆ.