ಸುತ್ತಿಗೆ ಏಟಿಗೆ ಕಿತ್ತು ಬಂದ ಬೆಸುಗೆ

ಮೋಟರ್ ಸರಪಳಿಯಲ್ಲಿ ನೇತಾಡುತ್ತಿತ್ತು. ಅದರ ಕೆಳಗೆ ನನ್ನ ಹಳೆಯ ಸಣ್ಣ ಕಾರು. ಎಂಜಿನ್ ಬಿಚ್ಚಿ, ಬಾನೆಟ್ ತೆಗೆದು, ಮುಂಭಾಗ ಪೂರ್ತಿ ಖಾಲಿ ಮಾಡಿದ್ದೆ. ಪೆಟ್ರೋಲ್ ಕಾರನ್ನು ಮನೆಯಲ್ಲೇ ಎಲೆಕ್ಟ್ರಿಕ್ ಕಾರು ಮಾಡುತ್ತೇನೆ ಅಂತ ಹೊರಟು ಆಗಲೇ ಏಳು ತಿಂಗಳಾಗಿತ್ತು. ಬ್ಯಾಟರಿ, ಚಾರ್ಜರ್, ವೈರಿಂಗ್ ಬಗ್ಗೆ ಓದಿದ್ದೇ ಓದಿದ್ದು. ಆದರೆ ಆ ಮೋಟರನ್ನು ಈ ಕಾರಿಗೆ ಹಿಡಿದು ನಿಲ್ಲಿಸುವ ಬ್ರಾಕೆಟ್ ಎಲ್ಲೂ ಸಿಗುವುದಿಲ್ಲ. ಎರಡೂ ಬೇರೆ ಬೇರೆ ಮನೆಯವು. ನಡುವಿನ ನಂಟು ನಾನೇ ಕಬ್ಬಿಣದಲ್ಲಿ ಮಾಡಬೇಕಿತ್ತು.

ಆ ದಿನ ಕೈಗೆತ್ತಿಕೊಂಡಿದ್ದು ಬಲಗಡೆಯ ಬ್ರಾಕೆಟ್. ಒಂದೇ ಒಂದು ಬ್ರಾಕೆಟ್. ಬೆಳಿಗ್ಗೆ ಶುರು ಮಾಡಿದವನು ಕೈ ತೊಳೆದಾಗ ರಾತ್ರಿ ಹತ್ತೂವರೆ.

ಮೊದಲು ಮೋಟರ್ ಬಗ್ಗೆ ಹೇಳಿಬಿಡುತ್ತೇನೆ. ಅದು ಅಪಘಾತವಾದ ನಿಸಾನ್ ಲೀಫ್ ಕಾರಿನಿಂದ ಬಿಚ್ಚಿದ್ದು, ಮೊದಲ ತಲೆಮಾರಿನದು. 80 ಕಿಲೋವಾಟ್ ಶಕ್ತಿ, 280 ನ್ಯೂಟನ್ ಮೀಟರ್ ತಿರುಚು ಬಲ. ಅದಕ್ಕೆ ಅಂಟಿಕೊಂಡೇ ಗೇರ್ ಪೆಟ್ಟಿಗೆ ಇದೆ. ಅದು ಮೋಟರಿನ ವೇಗವನ್ನು ಸುಮಾರು 7.9 ಪಟ್ಟು ಇಳಿಸಿ, ಬಲವನ್ನು ಅಷ್ಟೇ ಪಟ್ಟು ಏರಿಸಿ ಚಕ್ರಕ್ಕೆ ಕೊಡುತ್ತದೆ. ಅಂದರೆ ಚಕ್ರದ ಕಡೆ ಸುಮಾರು 2,200 ನ್ಯೂಟನ್ ಮೀಟರ್. ಮೋಟರ್ ಚಕ್ರವನ್ನು ಮುಂದಕ್ಕೆ ತಿರುಗಿಸಿದಷ್ಟೇ ಜೋರಾಗಿ ಚಕ್ರ ಮೋಟರಿನ ಮೈಯನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಅದನ್ನು ತಡೆಯುವವರು ಯಾರು? ಬ್ರಾಕೆಟ್ಟೇ. ಚಕ್ರದ ಅಕ್ಷದಿಂದ 40 ಸೆಂಟಿಮೀಟರ್ ದೂರದಲ್ಲಿ ಒಂದೇ ಬ್ರಾಕೆಟ್ ಅದನ್ನು ತಡೆಯುತ್ತದೆ ಅಂದುಕೊಂಡರೆ ಅಲ್ಲಿ ಬೀಳುವುದು 5,500 ನ್ಯೂಟನ್. 560 ಕಿಲೋ ತೂಕವನ್ನು ಆ ಒಂದು ತುದಿಗೆ ನೇತುಹಾಕಿದ ಹಾಗೆ. ಈ ಲೆಕ್ಕ ಹಾಕಿದ ಮೇಲೆ ನನ್ನ ಕೈಲಿದ್ದ ಪ್ಲೇಟನ್ನು ನೋಡುವ ಕಣ್ಣೇ ಬೇರೆಯಾಯಿತು.

ಪೆಟ್ರೋಲ್ ಎಂಜಿನ್ನಿಗಿಂತ ಇನ್ನೊಂದು ವ್ಯತ್ಯಾಸ ಇದೆ. ಮೋಟರಿನ ಬಲ ಸೊನ್ನೆ ವೇಗದಲ್ಲೇ ಪೂರ್ತಿ ಸಿಗುತ್ತದೆ, ನಿಧಾನವಾಗಿ ಏರುವುದಿಲ್ಲ. ಕಾಲು ತೆಗೆದರೆ ಅದೇ ಮೋಟರ್ ಜನರೇಟರ್ ಆಗಿ ಕಾರನ್ನು ನಿಧಾನ ಮಾಡುತ್ತದೆ, ಆಗ ಬಲ ಉಲ್ಟಾ. ಒತ್ತಿದರೆ ಆ ಕಡೆ, ಬಿಟ್ಟರೆ ಈ ಕಡೆ. ದಿನಕ್ಕೆ ನೂರಾರು ಸಲ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ವಾ, ಅದೇ ಕೆಲಸ.

ಹಳೆಯ ಕಾರಿಗೆ ಗಟ್ಟಿ ಚಾಸಿ ಇರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಂಥ ಸಣ್ಣ ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ತೆಳು ತಗಡನ್ನು ಮಡಚಿ ಪೆಟ್ಟಿಗೆಯ ಹಾಗೆ ಬೆಸೆದಿರುತ್ತಾರೆ, ಅದೇ ಚಾಸಿ. ನನ್ನ ಕಾರಿನಲ್ಲಿ ಬ್ರಾಕೆಟ್ ಕೂರಬೇಕಾದ ಜಾಗದ ತಗಡು ವರ್ನಿಯರ್‌ನಲ್ಲಿ 1.6 ಮಿ.ಮೀ. ಬಂತು. ಅದಕ್ಕೆ ತೂತು ಹೊಡೆದು ಸುಮ್ನೆ ಬೋಲ್ಟ್ ಬಿಗಿದರೆ ಪೆಟ್ಟಿಗೆ ಒಳಕ್ಕೆ ಕುಸಿಯುತ್ತದೆ. ಹಾಗಾಗಿ ಪೆಟ್ಟಿಗೆಯ ಈ ಗೋಡೆಯಿಂದ ಆ ಗೋಡೆಗೆ ಒಂದೊಂದು ಪೈಪಿನ ತುಂಡು ಇಟ್ಟು, ಅದರೊಳಗೆ ಬೋಲ್ಟ್ ಹೋಗುವ ಹಾಗೆ ಮಾಡಿದ್ದೆ. ಬಿಗಿತ ಪೈಪಿನ ಮೇಲೆ ಬೀಳುತ್ತದೆ, ತಗಡಿನ ಮೇಲಲ್ಲ. ಹೊರಗಡೆ ಅಗಲವಾದ ಪ್ಲೇಟ್, ಹಿಂದುಗಡೆ ಇನ್ನೊಂದು. ಅಷ್ಟು ಹಿಂದಿನ ವಾರವೇ ಮುಗಿದಿತ್ತು.

ಬೆಳಿಗ್ಗೆ ಕೆಲಸ ಶುರುವಾಗಿದ್ದು ರಟ್ಟಿನಿಂದ. ಮೋಟರನ್ನು ಇಳಿಸಿ, ಕೆಳಗೆ ಮರದ ತುಂಡು ಕೊಟ್ಟು, ಮಟ್ಟ ನೋಡಿ, ಚಕ್ರಕ್ಕೆ ಬಲ ಒಯ್ಯುವ ಡ್ರೈವ್ ಶಾಫ್ಟ್ ಎರಡೂ ಕಡೆ ಸಿಕ್ಕಿಸಿ ನೋಡಿದೆ. ಚಕ್ರ ಮೇಲೆ ಕೆಳಗೆ ಆಡುವಾಗ ಶಾಫ್ಟಿನ ಒಳಗಿನ ಜಾಯಿಂಟ್ ಸ್ವಲ್ಪ ಒಳಗೆ ಹೊರಗೆ ಜಾರಬೇಕು, ಅದಕ್ಕೆ ಜಾಗ ಬೇಕು. ಮೋಟರ್ ಹತ್ತು ಮಿ.ಮೀ. ಆಚೆ ಈಚೆ ಆದರೂ ಒಂದು ಕಡೆ ಶಾಫ್ಟ್ ತಳ ಮುಟ್ಟುತ್ತದೆ, ಇನ್ನೊಂದು ಕಡೆ ಕಳಚಿಕೊಳ್ಳುತ್ತದೆ. ಎರಡು ಗಂಟೆ ಇದಕ್ಕೇ ಹೋಯಿತು. ಆಮೇಲೆ ರಟ್ಟು ಕತ್ತರಿಸಿ, ಮಡಚಿ, ಟೇಪ್ ಹಚ್ಚಿ, ಮೋಟರಿಗೂ ಕಾರಿಗೂ ನಡುವೆ ಕೂರಿಸುತ್ತಾ ಹೋದೆ. ಮೂರನೇ ರಟ್ಟು ಸರಿ ಕೂತಿತು. ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡಿಟ್ಟುಕೊಂಡಿದ್ದೆ ನಾನು, ಆದರೆ ಅದರಲ್ಲಿ ಬ್ರೇಕ್ ಪೈಪ್ ಇರಲಿಲ್ಲ. ರಟ್ಟು ಹಿಡಿದಾಗ ಬ್ರೇಕ್ ಪೈಪ್ ಕೈಗೇ ತಾಗಿತು.

ರಟ್ಟಿನ ಅಂಚು ಹಿಡಿದು ಪ್ಲೇಟಿನ ಮೇಲೆ ಗೀರು ಹಾಕಿದೆ. ತಳಕ್ಕೆ 6 ಮಿ.ಮೀ. ಪ್ಲೇಟ್. ಅದರ ಮೇಲೆ ಎದ್ದು ನಿಲ್ಲುವ ಎರಡು ಕಿವಿಗಳು, ಅವೂ 6 ಮಿ.ಮೀ. ಕಿವಿಗಳ ನಡುವೆ ರಬ್ಬರ್ ಬುಷ್, ಅಂದರೆ ಅದುರು ಹೀರುವ ರಬ್ಬರ್ ಬಳೆ ಕೂರುತ್ತದೆ. ಕಿವಿ ಪಕ್ಕಕ್ಕೆ ವಾಲದ ಹಾಗೆ ಹಿಂದೆ ತ್ರಿಕೋನದ ಆಧಾರ. ಗ್ರೈಂಡರಿಗೆ 1 ಮಿ.ಮೀ. ಕಟಿಂಗ್ ಡಿಸ್ಕ್ ಹಾಕಿ ಕತ್ತರಿಸಿದೆ, ಅಂಚನ್ನು ಅರದಿಂದ ಉಜ್ಜಿದೆ. ಎಂ12 ಬೋಲ್ಟಿಗೆ, ಅಂದರೆ 12 ಮಿ.ಮೀ. ದಪ್ಪದ್ದಕ್ಕೆ, 13 ಮಿ.ಮೀ. ತೂತು. ಮೊದಲು ಪಂಚ್, ಆಮೇಲೆ 4 ಮಿ.ಮೀ. ಡ್ರಿಲ್ ಬಿಟ್, ಆಮೇಲೆ 8, ಕೊನೆಗೆ 13. ನಿಧಾನ ವೇಗದಲ್ಲಿ, ಎಣ್ಣೆ ಬಿಡುತ್ತಾ. ಬಿಟ್ ಸರಿಯಾಗಿ ಕತ್ತರಿಸುವಾಗ ಲೋಹ ಪುಡಿಯಾಗಿ ಉದುರುವುದಿಲ್ಲ. ಉದ್ದ ಸುರುಳಿಯಾಗಿ ಎದ್ದು ಬರುತ್ತದೆ. ಆ ಸುರುಳಿ ನೋಡುವುದೇ ನನಗೆ ಖುಷಿ.

ಮಧ್ಯಾಹ್ನದ ಹೊತ್ತಿಗೆ ಎಲ್ಲಾ ತುಂಡು ಕಾರಿನಲ್ಲೇ ಜೋಡಿಸಿ ಟ್ಯಾಕ್ ಹಾಕಿದೆ, ಅಂದರೆ ಚುಕ್ಕಿ ಬೆಸುಗೆ. ಅದಕ್ಕೂ ಮೊದಲು ಕಾರಿನ 12 ವೋಲ್ಟ್ ಬ್ಯಾಟರಿ ಕಳಚಿದ್ದೆ. ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಹಾಕಿದ್ದೆ. ದೂರ ಹಾಕಿದರೆ ಕರೆಂಟ್ ಬೇರಿಂಗಿನ ಮೂಲಕ ದಾರಿ ಹುಡುಕಿಕೊಂಡು ಅದನ್ನು ಸುಡುತ್ತದೆ. ಟ್ಯಾಕ್ ಆದ ಮೇಲೆ ಬ್ರಾಕೆಟ್ ಹೊರಗೆ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಬೆಸೆದೆ. ಮಿಗ್ ಮಷೀನು, ಅಂದರೆ ತಂತಿಯನ್ನೇ ಕರಗಿಸಿ ತುಂಬುತ್ತಾ ಹೋಗುವ ವೆಲ್ಡಿಂಗ್ ಮಷೀನು, 0.8 ಮಿ.ಮೀ. ತಂತಿ. ಬೆಸುಗೆ ಒಂದರ ಮೇಲೊಂದು ನಾಣ್ಯ ಜೋಡಿಸಿಟ್ಟ ಹಾಗೆ ಬಂತು. ನನ್ನ ಕೈಯಿಂದ ಅಷ್ಟು ನೀಟಾದ ಬೆಸುಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ಸಂಜೆ ವೆಲ್ಡಿಂಗ್ ಕೆಲಸದಲ್ಲೇ ಬದುಕು ಕಳೆದ ಹಿರಿಯ ಗೆಳೆಯರೊಬ್ಬರು ಬಂದರು. ನಾನು ಅವರನ್ನು ಅಣ್ಣ ಅನ್ನುತ್ತೇನೆ. ಬ್ರಾಕೆಟ್ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ನೋಡೋಕೆ ಚೆನ್ನಾಗಿದೆ. ಹೊಡೆದು ನೋಡಿದ್ಯಾ?"

"ಹೊಡೆದ್ರೆ ಹಾಳಾಗಲ್ವಾ ಅಣ್ಣ?"

"ಬ್ರಾಕೆಟ್ ಯಾಕೆ ಹೊಡೀತೀಯ? ಅದೇ ಪ್ಲೇಟಿನ ತುಂಡು ಅಲ್ಲಿ ಬಿದ್ದಿದೆಯಲ್ಲ. ಅದೇ ಸೆಟ್ಟಿಂಗಲ್ಲಿ ಎರಡು ಬೆಸಿ. ವೈಸಿಗೆ ಕಚ್ಚಿಸಿ ಹೊಡಿ."

ಎರಡು ತುಂಡನ್ನು ನೆಟ್ಟಗೆ ನಿಲ್ಲಿಸಿ ಒಂದೇ ಕಡೆ ಬೆಸೆದೆ. ಆರಲು ಬಿಟ್ಟೆ. ವೈಸಿಗೆ ಹಾಕಿ, ಬೆಸುಗೆಯ ಬೇರು, ಅಂದರೆ ಎರಡು ತುಂಡು ಸೇರುವ ತಳ, ಬಾಯಿ ಬಿಡುವ ಹಾಗೆ ದೊಡ್ಡ ಸುತ್ತಿಗೆಯಲ್ಲಿ ಹೊಡೆದೆ. ಒಳ್ಳೆಯ ಬೆಸುಗೆಯಾದರೆ ಪ್ಲೇಟ್ ಬಗ್ಗಬೇಕು, ಬೆಸುಗೆ ಸೀಳಿದರೂ ಕಷ್ಟಪಟ್ಟು ಸೀಳಬೇಕು. ಮೂರನೇ ಏಟಿಗೆ ತುಂಡು ಟಕ್ ಅಂತ ಕಿತ್ತು ಬಂತು. ನೆಲದಿಂದ ಎತ್ತಿಕೊಂಡು ನೋಡಿದೆ. ಕಿತ್ತ ಜಾಗ ಒರಟಾಗಿ, ಬೂದು ಬಣ್ಣದಲ್ಲಿ ಇರಬೇಕಿತ್ತು. ಅಲ್ಲಿ ಪ್ಲೇಟಿನ ಹಳೆಯ ಅಂಚು ಹಾಗೇ ಇತ್ತು. ನಾನು ಅರದಿಂದ ಉಜ್ಜಿದ ಗೆರೆಗಳೂ ಕಾಣುತ್ತಿದ್ದವು. ಪಕ್ಕದಲ್ಲಿ ನೀಲಿ ಕಪ್ಪು ಪದರ ಹೊಳೆಯುತ್ತಿತ್ತು. ಬೆಸುಗೆ ಪ್ಲೇಟಿನೊಳಗೆ ಇಳಿದೇ ಇರಲಿಲ್ಲ. ಮೇಲೆ ಸುರಿದು ಕೂತಿತ್ತು, ಅಷ್ಟೇ.

ನನಗೆ ಮಾತೇ ಹೊರಡಲಿಲ್ಲ. ಆ ಬ್ರಾಕೆಟ್ಟಿನ ಮೇಲೆ ನನ್ನ ಮನೆಯವರು ಕೂರುವ ಕಾರು ಓಡಬೇಕಿತ್ತು.

ಅಣ್ಣ ಬೈಯಲಿಲ್ಲ. ಮಷೀನಿನ ಮುಂದೆ ಕೂತು ಲೆಕ್ಕ ಹೇಳಿದರು. ಉಕ್ಕಿನ ಪ್ಲೇಟಿಗೆ ಒಂದು ಮಿ.ಮೀ. ದಪ್ಪಕ್ಕೆ ಸುಮಾರು 40 ಆಂಪ್ ಬೇಕು. 6 ಮಿ.ಮೀ.ಗೆ 240. ನನ್ನ ಮಷೀನು ಪೂರ್ತಿ ತಿರುಗಿಸಿದರೂ 180. ಅಷ್ಟು ಕಡಿಮೆ ಬಿಸಿಗೆ ತಂತಿ ಕರಗುತ್ತದೆ, ಪ್ಲೇಟ್ ಕರಗುವುದಿಲ್ಲ. ಕರಗಿದ ತಂತಿ ತಣ್ಣನೆಯ ಪ್ಲೇಟಿನ ಮೇಲೆ ಚೆಂದವಾಗಿ ಹರಡಿಕೊಳ್ಳುತ್ತದೆ. ಅದಕ್ಕೇ ಅಷ್ಟು ನೀಟಾಗಿ ಕಂಡಿದ್ದು. ಮೇಲಿನ ನೀಲಿ ಕಪ್ಪು ಪದರ ಕಾರ್ಖಾನೆಯಲ್ಲಿ ಬಿಸಿ ಉಕ್ಕನ್ನು ಉರುಳಿಸುವಾಗ ಬರುವ ಆಕ್ಸೈಡು. ಅದನ್ನೂ ನಾನು ಸರಿಯಾಗಿ ತೆಗೆದಿರಲಿಲ್ಲ.

ದೊಡ್ಡ ಮಷೀನು ಬೇಕಾಗಲಿಲ್ಲ. ಕಿವಿಯ ಅಂಚನ್ನು ಎರಡೂ ಕಡೆಯಿಂದ ಓರೆಯಾಗಿ ಇಳಿಸಿ ಚೂಪು ಮಾಡು, ಅಂದರು. ಆಗ ಬೆಸುಗೆ ಬೇರಿನಿಂದಲೇ ಶುರುವಾಗುತ್ತದೆ. ಮೊದಲು ತಳದಲ್ಲಿ ಒಂದು ಸಾಲು, ಅದರ ಮೇಲೆ ಎರಡು. ಒಂದೇ ಸಲ ತುಂಬುವ ಆಸೆ ಬಿಡು. ಕೈ ನಿಧಾನ ಮಾಡು, ಕರಗಿದ ಲೋಹದ ಹಿಂದೆ ಅಲ್ಲ, ಅದರ ಮುಂದಿನ ಅಂಚಿನಲ್ಲಿ ಕಣ್ಣಿಡು. ಪ್ಲೇಟ್ ಕರಗುತ್ತಿದೆಯಾ ಅಂತ ಅಲ್ಲಿ ಕಾಣುತ್ತದೆ. ಪರೀಕ್ಷೆಗೆ ಇನ್ನೆರಡು ತುಂಡು ಹಾಗೇ ಬೆಸೆದೆ. ಈ ಸಲ ಹೊಡೆದೂ ಹೊಡೆದೂ ಭುಜ ನೋವು ಬಂತು. ಪ್ಲೇಟು ಬಗ್ಗಿ ಮಲಗಿತು, ಬೆಸುಗೆ ಹಾಗೇ ನಿಂತಿತು.

ಹಳೆಯ ಬ್ರಾಕೆಟ್ ಉಳಿಸಿಕೊಳ್ಳೋಣ ಅಂತ ಒಂದು ಕ್ಷಣ ಅನಿಸಿತ್ತು, ನಿಜ. ಮೇಲಿಂದ ಇನ್ನೊಂದು ಸಾಲು ಹಾಕಿದರಾಯಿತು ಅಂತ. ಆದರೆ ತಳದಲ್ಲಿ ಬಿರುಕು ಹಾಗೇ ಇರುತ್ತದೆ. ಹಿಂದೆ ಮುಂದೆ ಎಳೆತ ಬೀಳುವ ಕಡೆ ಬಿರುಕು ಬೆಳೆಯುವುದು ಇಂಥ ಜಾಗದಿಂದಲೇ. ಗ್ರೈಂಡರ್ ತಗೊಂಡು ಕತ್ತರಿಸಿ ಹಾಕಿದೆ. ಹೊಸ ಕಿವಿ, ಹೊಸ ತಳ.

ಅದನ್ನು ಕತ್ತರಿಸುವ ಮೊದಲು ಇನ್ನೊಂದು ತಪ್ಪೂ ಕಣ್ಣಿಗೆ ಬಿದ್ದಿತ್ತು. ಕಿವಿಗಳ ನಡುವೆ ಕೆಳಗೆ 62 ಮಿ.ಮೀ. ಇತ್ತು, ಮೇಲೆ 59 ಚಿಲ್ಲರೆ. ಟ್ಯಾಕ್ ಹಾಕಿದಾಗ ಎರಡೂ ಕಡೆ 62 ಇದ್ದಿದ್ದು ನನಗೆ ಚೆನ್ನಾಗಿ ನೆನಪಿದೆ. ಕಾದ ಉಕ್ಕು ಹಿಗ್ಗುತ್ತದೆ, ಒಂದು ಮೀಟರ್ ಉದ್ದಕ್ಕೆ 100 ಡಿಗ್ರಿಗೆ ಸುಮಾರು 1.2 ಮಿ.ಮೀ. ಬೆಸುಗೆಯ ಜಾಗ ಕರಗುವಷ್ಟು ಕಾದಿರುತ್ತದೆ. ಅದು ಆರುವಾಗ ಕುಗ್ಗಿ ಪಕ್ಕದ ಪ್ಲೇಟನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಎರಡು ಕಿವಿಗೂ ಒಳಗಡೆಯಿಂದಲೇ ಒಂದೇ ಉಸಿರಿಗೆ ಬೆಸೆದಿದ್ದೆ, ಎರಡೂ ಒಳಕ್ಕೆ ಬಾಗಿದ್ದವು. ಹೊಸದಕ್ಕೆ ಕಿವಿಗಳ ನಡುವೆ ಸರಿಯಾಗಿ 62 ಮಿ.ಮೀ. ಉದ್ದದ ಪೈಪಿನ ತುಂಡು ಇಟ್ಟು, ಉದ್ದ ಬೋಲ್ಟ್ ಹಾಕಿ ಬಿಗಿದೆ. ಒಳಗೆ ಸ್ವಲ್ಪ, ಹೊರಗೆ ಸ್ವಲ್ಪ, ಆ ಕಿವಿಗೆ ಸ್ವಲ್ಪ, ಈ ಕಿವಿಗೆ ಸ್ವಲ್ಪ. ಪೂರ್ತಿ ಆರುವ ತನಕ ಬೋಲ್ಟ್ ಬಿಚ್ಚಲಿಲ್ಲ. ನೀರು ಹಾಕಿ ಆರಿಸುವ ಆತುರವೂ ಬೇಡ.

ಒಂದು ಮಾತು ಒತ್ತಿ ಹೇಳಬೇಕು. ಬೆಸೆಯುವ ಜಾಗವನ್ನು ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಒರೆಸಬೇಡಿ. ಕ್ಲೋರಿನ್ ಇರುವ ಕ್ಲೀನರ್ ಬೆಸುಗೆಯ ಆರ್ಕ್ ಬೆಳಕಿಗೂ ಬಿಸಿಗೂ ಸಿಕ್ಕಿದರೆ ಫಾಸ್ಜಿನ್ ಅನ್ನುವ ವಿಷಗಾಳಿ ಹುಟ್ಟುತ್ತದೆ. ಸ್ವಲ್ಪವೇ ಸಾಕು, ಪ್ರಾಣಕ್ಕೆ ಬರುತ್ತದೆ. ಸತುವಿನ ಲೇಪ ಇರುವ ನಟ್ಟು, ಪೈಪು ಬೆಸೆಯುವ ಮೊದಲು ಆ ಲೇಪವನ್ನು ಪೂರ್ತಿ ಉಜ್ಜಿ ತೆಗೆಯಿರಿ. ಅದರ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಗ್ಯಾರಂಟಿ. ಕಾರಿನಲ್ಲೇ ಟ್ಯಾಕ್ ಹಾಕಿದರೆ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ. ಒಳಗಿನ ಕಾರ್ಪೆಟ್, ತಳದ ಟಾರ್ ನಿಧಾನವಾಗಿ ಹೊಗೆಯಾಡಿ ಆಮೇಲೆ ಹೊತ್ತಿಕೊಳ್ಳುತ್ತವೆ.

ಎಂಟೂವರೆಗೆ ಬ್ರಾಕೆಟ್ ಕೈಗೆ ಹಿಡಿಯುವಷ್ಟು ತಣ್ಣಗಾಯಿತು. ಬೋಲ್ಟ್ ಬಿಚ್ಚಿದೆ. ಕೆಳಗೆ 62, ಮೇಲೆ 61.8. ಆಮೇಲೆ ಬಿರುಕು ನೋಡುವ ಕೆಂಪು ಬಣ್ಣ ಬಳಿದೆ. ಅದು ಕಣ್ಣಿಗೆ ಕಾಣದ ಸಂದಿಗೂ ಇಳಿಯುತ್ತದೆ. ಕಾಯ್ದು, ಒರೆಸಿ, ಬಿಳಿ ಪುಡಿ ಸಿಂಪಡಿಸಿದೆ. ಬಿರುಕಿದ್ದರೆ ಒಳಗಿಳಿದ ಕೆಂಪು ಬಿಳಿಯ ಮೇಲೆ ಮೂಡುತ್ತದೆ. ಹತ್ತು ನಿಮಿಷ ಇಬ್ಬರೂ ಏನೂ ಮಾತಾಡದೆ ಬಿಳಿಯ ಮೇಲೆ ಕಣ್ಣಿಟ್ಟು ಕೂತೆವು. ಎಡ ಕಿವಿಯ ಬೆಸುಗೆ ಮುಗಿಯುವ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಮೂಡಿತು. ಬೆಸುಗೆ ನಿಲ್ಲಿಸುವಾಗ ಕೈ ಬೇಗ ಎತ್ತಿದರೆ ತುದಿಯಲ್ಲಿ ಗುಂಡಿ ಬಿದ್ದು ಅಲ್ಲಿ ಬಿರುಕು ಬಿಡುತ್ತದೆ. ಕೆಂಪು ಹೋಗುವ ತನಕ ಗ್ರೈಂಡ್ ಮಾಡಿ, ಬಣ್ಣ ಚೆನ್ನಾಗಿ ತೊಳೆದು, ಮತ್ತೆ ತುಂಬಿದೆ. ಎರಡನೇ ಸಲ ಬಿಳಿ ಬಿಳಿಯಾಗೇ ಉಳಿಯಿತು.

"ಈಗ ಹಾಕು," ಅಂದರು ಅಣ್ಣ.

ಬ್ರಾಕೆಟ್ ಕೂರಿಸಿ ನಾಲ್ಕೂ ಬೋಲ್ಟ್ ಬೆರಳಿನಲ್ಲೇ ತಿರುಗಿಸಿದೆ. ಸ್ಪ್ಯಾನರ್ ಬೇಕಾಗಲಿಲ್ಲ, ತೂತಿಗೆ ತೂತು ಅಷ್ಟು ಸರಿ ಇತ್ತು. 8.8 ಶಕ್ತಿ ದರ್ಜೆಯ ಬೋಲ್ಟುಗಳನ್ನು ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರಿನಲ್ಲಿ 80 ನ್ಯೂಟನ್ ಮೀಟರಿಗೆ ಬಿಗಿದು, ಬೋಲ್ಟ್ ತಲೆಯಿಂದ ಪ್ಲೇಟಿನ ಮೇಲೆ ಹಾದುಹೋಗುವ ಹಾಗೆ ಒಂದೊಂದು ಹಳದಿ ಗೆರೆ ಎಳೆದೆ. ಬೋಲ್ಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಇನ್ನೊಂದು ಕಡೆ ಮರದ ತುಂಡು ಹಾಗೇ ಬಿಟ್ಟು, ಸರಪಳಿಯನ್ನು ಒಂದೊಂದೇ ಹಲ್ಲು ಸಡಿಲಿಸಿದೆ. ಸರಪಳಿ ಜೋಲಿತು. ಮೋಟರ್ ಅಲ್ಲಾಡಲಿಲ್ಲ.

ಬೆಳಿಗ್ಗೆ ಎದ್ದ ತಕ್ಷಣ ಟಾರ್ಚ್ ಹಿಡಿದು ಕಾರಿನ ಕೆಳಗೆ ತೂರಿದೆ. ನಾಲ್ಕೂ ಗೆರೆ ನೆಟ್ಟಗಿದ್ದವು. ಹೊರಗೆ ಬಂದು, ಎಡಗಡೆಯ ಬ್ರಾಕೆಟ್ಟಿಗೆ ಸರಿಯಾದ ರಟ್ಟು ಎಲ್ಲಿದೆ ಅಂತ ಹುಡುಕತೊಡಗಿದೆ.